ಓಣಿಯಲ್ಲಿ ಹಾಸಿದ ನೂಲು

“ಉಪದೇಶಿಯವರೇ, ಪ್ರಾರ್ಥನೆ ಮಾಡುವುದು ಸಭಾಪಾಲಕರ ಕೆಲಸ. ಅವರಿಗಾಗಿ ನಾವೇಕೆ ಪ್ರಾರ್ಥಿಸಬೇಕು?” ಎಂದು ಥಿಯೋಫಿಲ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಊರಿನ ಸಭೆಗೆ ಅವನೂ ಒಬ್ಬ ಹಿರಿಯ. ಮೂರು ಭಾನುವಾರಗಳಿಂದ ಸಭಾಪಾಲಕರ ಪ್ರಸಂಗ ನಡುವೆಯೇ ತಡವರಿಸಿ ನಿಂತುಬಿಡುತ್ತಿತ್ತು. ಇವರನ್ನು ಬೇರೆ ಊರಿಗೆ ಕಳಿಸಿ ಎಂದು ಮೇಲಿನವರಿಗೆ ಬರೆಯಲು ಉಳಿದ ಹಿರಿಯರು ಒಪ್ಪಿದ್ದರು. ಥಿಯೋಫಿಲನ ಮಾತೊಂದು ಬಾಕಿ ಇತ್ತು. ಅವನ ತಾಯಿ ಕಾಯಿಲೆ ಬಿದ್ದಾಗ ದಿನವೂ ಬಂದು ಹತ್ತಿರ ಕೂತಿದ್ದವರು ಆ ಸಭಾಪಾಲಕರೇ. ಹೂಂ ಅನ್ನಲು ಅವನಿಗೆ ಬಾಯಿ ಬರಲಿಲ್ಲ, ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಸಲಹೆ ಕೇಳಲು ಬಂದರೆ ಉಪದೇಶಿಯವರು, ‘ಮೊದಲು ಅವರಿಗಾಗಿ ಪ್ರಾರ್ಥಿಸು’ ಎಂದಿದ್ದರು.

ಸಭೆಯಲ್ಲಿ ಬೈಬಲ್ ಪಾಠ ಹೇಳುತ್ತಿದ್ದ ವಯಸ್ಸಾದ ಉಪದೇಶಿ ಕರುಣಾಕರಪ್ಪನವರು ಹೇಳತೊಡಗಿದರು.

“ನೇಕಾರರ ಓಣಿಯೊಂದಿತ್ತು, ತಮ್ಮಾ. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಓಣಿಯುದ್ದಕ್ಕೂ ಹಾಸಿ, ಎಳೆ ಕಡಿಯದಂತೆ ಗಂಜಿ ಹಚ್ಚಬೇಕು. ಬಿಸಿಲು ಏರುವುದರೊಳಗೆ ಆಗಬೇಕಾದ ಕೆಲಸ, ಒಬ್ಬನಿಂದ ಆಗದು. ಯಾರ ನೂಲೇ ಇರಲಿ, ಮನೆಗೊಬ್ಬರು ಕುಂಚ ಹಿಡಿದು ಬರುವುದು ಅಲ್ಲಿಯ ರೂಢಿ.

ಆ ಓಣಿಯಲ್ಲಿ ಒಬ್ಬ ನೇಕಾರನಿದ್ದ, ಎಲ್ಲರಿಗಿಂತ ಕಸುಬುಗಾರ. ನೆರೆಯವನೊಬ್ಬ ಮಗಳ ಮದುವೆಯ ಸೀರೆ ನೇಯಲು ಅವನಿಗೇ ನೂಲು ಕೊಟ್ಟ. ಗಂಜಿ ಹಚ್ಚುವ ದಿನ ಯಾರೂ ಬರಲಿಲ್ಲ. ಅಂಥ ಕಸುಬುಗಾರನಿಗೆ ನಮ್ಮ ಕೈ ಯಾಕೆ ಅಂದುಕೊಂಡು ಒಬ್ಬೊಬ್ಬರೂ ಮನೆಯಲ್ಲೇ ಉಳಿದರು. ನೆರೆಯವನೂ ಹಾಗೇ ಅಂದುಕೊಂಡ.

ಮಗ್ಗದಲ್ಲಿ ಎಳೆ ಕಡಿಯಿತು. ಕಟ್ಟಿದರೆ ಮತ್ತೆ ಕಡಿಯಿತು. ಮೊಳದುದ್ದ ಬಟ್ಟೆಯಲ್ಲಿ ಗಂಟೇ ಗಂಟು. ನೆರೆಯವ ಬಂದು ನೋಡಿದ.

‘ಸೀರೆ ನೇಯಿ ಅಂದರೆ ಗೋಣಿ ನೇಯ್ದಿದ್ದೀಯಲ್ಲೋ ಮಾರಾಯ. ನನ್ನ ಮಗಳೇನು ಜೋಳದ ಮೂಟೆಯೇ? ನಿನ್ನ ಕೈಗೆ ಏನಾಯಿತು?’

‘ಕೈ ಅದೇ ಇದೆ ಅಣ್ಣಾ. ಗಂಜಿ ಹಚ್ಚುವಾಗ ನಾನೊಬ್ಬನೇ ಇದ್ದೆ. ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಒಣಗಿತ್ತು.’

ನೆರೆಯವ ಮನೆಗೆ ಹೋದ. ಉಳಿದ ನೂಲನ್ನು ಹಾಸಿದ ಮುಂಜಾನೆ ಗಂಜಿಯ ಮಡಕೆ ಹೊತ್ತು ಮೊದಲು ಬಂದವನು ಅವನೇ. ಅವನನ್ನು ಕಂಡು ಎದುರು ಮನೆಯವ ಬಂದ, ಪಕ್ಕದ ಮನೆಯಾಕೆ ಬಂದಳು. ‘ಈತನ ಕೈಗೆ ಕುಂಚ ಕೊಡಬೇಡಿರಪ್ಪಾ, ಗಂಜಿ ಕುಡಿದಾನು’ ಎಂದು ಒಬ್ಬರನ್ನೊಬ್ಬರು ಆಡಿಕೊಂಡು ನಗುತ್ತಾ ಬಿಸಿಲಿಗೆ ಮೊದಲೇ ಮುಗಿಸಿದರು. ಎಳೆ ಕಡಿಯಲಿಲ್ಲ. ಮದುವೆಯಲ್ಲಿ ಹೆಂಗಸರು ಸೆರಗು ಮುಟ್ಟಿ ನೋಡಿ, ‘ಏನು ಕೈಯಮ್ಮಾ ಆ ನೇಕಾರನದು’ ಅಂದರು. ನೆರೆಯವ ಕೇಳಿಸಿಕೊಂಡ. ಬಂದವರಿಗೆ ತೃಪ್ತಿಯಿಂದ ಊಟ ಬಡಿಸಿದ.”

ಥಿಯೋಫಿಲನ ಮುಖ ಅರಳಿತು. “ಒಳ್ಳೆಯ ಓಣಿ” ಎಂದ.

“ಹೌದು ತಮ್ಮಾ,” ಎಂದರು ಉಪದೇಶಿ. “ನಮ್ಮ ಸಭಾಪಾಲಕರೂ ಈಗ ಒಬ್ಬರೇ ಗಂಜಿ ಹಚ್ಚುತ್ತಿದ್ದಾರೆ. ಆ ಓಣಿಯಲ್ಲಿ ನಿನ್ನ ಮನೆ ಯಾವುದು?”