ಹೊಸ ನೀರಿಗೆ ಇಳಿದ ಹುಲಿಗೆವ್ವ

ಬಹಳ ಹಿಂದೆ, ತುಂಗಭದ್ರೆಗೆ ಆ ಕಡೆ ಇನ್ನೂ ಸೇತುವೆ ಕಟ್ಟದಿದ್ದ ಕಾಲದಲ್ಲಿ, ದಂಡೆಯ ಮೇಲೊಂದು ಊರು. ಆ ಊರಿನಲ್ಲಿ ಹುಲಿಗೆವ್ವ ಎಂಬ ಹುಡುಗಿ ಇದ್ದಳಂತೆ. ಹತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲವಂತೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದಳಂತೆ, ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆಯಿಲ್ಲ. ಊರು ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ, ಮಬ್ಬಿ ಎಂದಿತು.

ಆದರೆ ನೀರಿಗೆ ಬಿದ್ದರೆ ಬೇರೆಯೇ ಹುಡುಗಿ. ಮಳೆಗಾಲದ ಕೆಂಪು ಹೊಳೆಯನ್ನು, ದಂಡೆಯಲ್ಲಿ ಕೂತವರು ಎಲೆ ಅಡಿಕೆ ಅಗಿದು ಉಗುಳುವಷ್ಟರಲ್ಲಿ ದಾಟುತ್ತಿದ್ದಳಂತೆ. ಮೀನುಗಳು ಪಕ್ಕಕ್ಕೆ ಸರಿಯುತ್ತಿದ್ದವಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಈಜು ಕಲಿಸಿದವನು ಸೋದರಮಾವ, ಹರಿಗೋಲಿನ ಅಂಬಿಗ ನಿರುಪಾದೆಪ್ಪ. ಅದು ಮಾತ್ರ ನಿಜ.

ಒಮ್ಮೆ ಪಟ್ಟಣದ ಟೀಚರಮ್ಮ ಒಬ್ಬರು ಹರಿಗೋಲಿನಲ್ಲಿ ಕೂತು ಈ ಹುಡುಗಿಯನ್ನು ಕಂಡರು. ಬುದ್ಧಿ ನಿಧಾನವಾಗಿ ಬಲಿಯುವವರಿಗೆಂದೇ ದೇಶದೇಶಗಳು ಸೇರಿ ಪಂದ್ಯ ನಡೆಸುತ್ತವೆ, ಕಳಿಸಿ ಎಂದರು. ಕಟ್ಟೆಯ ಮೇಲಿದ್ದವರು ನಕ್ಕರು.

"ನಿರುಪಾದಿ, ಅಕಿ ಪದಕ ತಂದ್ಲಂದ್ರ ಹೆಸರು ಹಿಡದು ಕರೀತೀವಿ ಬಿಡೋ."

ನಿರುಪಾದೆಪ್ಪನಿಗೆ ಅಷ್ಟೇ ಸಾಕಾಯಿತು. ಅಕ್ಕನ ಮಗಳನ್ನು ಕರೆದುಕೊಂಡು ಟೀಚರಮ್ಮನ ಜೊತೆ ಕಡಲು ದಾಟಿದ.

ಅಲ್ಲಿ ಕಟ್ಟಿದ ಕೊಳ, ತಳ ಕಾಣುವ ನೀಲಿ ನೀರು. ಅಂಬಿಗರದೊಂದು ಕಟ್ಟಳೆಯುಂಟು: ಗುರುತಿಲ್ಲದ ನೀರಿಗೆ ಮೊದಲ ದಿನ ಮೈಯೊಪ್ಪಿಸಬಾರದು, ಮೆಲ್ಲಗೆ ಹೋಗಿ ಸುಳಿ ಎಲ್ಲಿ, ಸೆಳೆತ ಎಲ್ಲಿ ಎಂದು ತಿಳಿದು ಬರಬೇಕು. ಮೊದಲ ದಿನದ ಈಜಿಗೆ ಪದಕವಿಲ್ಲ, ವೇಗ ಅಳೆದು ಸರಿಸಮರನ್ನು ಗುಂಪು ಮಾಡುವುದಕ್ಕಷ್ಟೇ ಎಂದು ಟೀಚರಮ್ಮ ಹೇಳಿದ್ದರು. ಪದಕವಿಲ್ಲ ಎಂಬುದಷ್ಟೇ ನಿರುಪಾದೆಪ್ಪನ ಕಿವಿಗೆ ಬಿತ್ತು.

"ಹೊಸಾ ನೀರವ್ವ. ಇವತ್ತು ಬರೇ ನೋಡಿ ಬಾ. ನಾಳಿಗಿ ಈಸು."

"ಹೂಂ ಮಾವ."

ನೋಡಿ ಬಂದಳು. ನಿಧಾನದವರ ಗುಂಪಿಗೆ ಬಿದ್ದಳು. ಮರುದಿನ ಈಜಿದಳು. ಉಳಿದವರು ನಡುನೀರಿನಲ್ಲಿದ್ದಾಗ ಇವಳು ಆಚೆ ದಡ ಮುಟ್ಟಿ ಕೂದಲು ಹಿಂಡುತ್ತಿದ್ದಳಂತೆ. ನಿರುಪಾದೆಪ್ಪ ರುಮಾಲು ಬಿಚ್ಚಿ ಬೀಸಿದ.

ಪದಕ ಕೊಡುವ ಮುಂಚೆ ಪಂದ್ಯದವರು ಪಟ್ಟಿಯಿಂದ ಅವಳ ಹೆಸರು ಹೊಡೆದು ಹಾಕಿದರು. ನಿನ್ನೆಗಿಂತ ಇಷ್ಟೊಂದು ಮುಂದೆ ಬಂದವರು ನಿನ್ನೆ ಬೇಕೆಂದೇ ಶಕ್ತಿ ಬಚ್ಚಿಟ್ಟವರು. ಅದು ಅಲ್ಲಿಯ ನಿಯಮ. ನಿಯಮದಲ್ಲಿ ತಪ್ಪಿರಲಿಲ್ಲ. ಮೋಸಗಾರರನ್ನು ತಡೆಯಲೆಂದೇ ಮಾಡಿದ್ದು.

"ಹೇಳಿದಾಂವ ನಾನು. ನನ್ನ ಹೆಸರು ಹೊಡೀರಿ," ಎಂದು ನಿರುಪಾದೆಪ್ಪ ಎದೆ ತಟ್ಟಿಕೊಂಡ. ಅವನ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

"ನಾ ಸರಿ ಈಸಲಿಲ್ಲೇನು ಮಾವ?" ಎಂದು ಹುಡುಗಿ ಕೇಳಿದಳಂತೆ. ಬೀಸಿದ್ದ ರುಮಾಲಿನಿಂದಲೇ ಅವನು ಅವಳ ತಲೆ ಒರೆಸಿದನಂತೆ.

ಊರಿಗೆ ಬಂದರು. ಅದುವರೆಗೆ ಬುದ್ಧಿಯೇ ಇಲ್ಲ ಎಂದಿದ್ದ ಜನ, ದೇಶದೇಶಗಳಿಗೆ ಟೋಪಿ ಹಾಕುವಷ್ಟು ಬುದ್ಧಿ ಇದೆ ಎಂದರು. ಮಬ್ಬಿ ಹೋಗಿ ಕಳ್ಳಿಯಾದಳು. ಆಮೇಲೂ ಅವಳು ದಿನಾ ಹೊಳೆಗೆ ಇಳಿದಳು, ಆದರೆ ಮೆಲ್ಲಗೆ ಈಜಿದಳು. ಯಾಕೆಂದು ಕೇಳಿದರೆ, "ಜೋರು ಈಸಿದ್ರ ಹೆಸರು ಹೊಡೀತಾರ," ಎನ್ನುತ್ತಿದ್ದಳಂತೆ. ಕಟ್ಟೆಯ ಮೇಲೆ ನಕ್ಕವರನ್ನು ನಿರುಪಾದೆಪ್ಪ ಸಾಯುವವರೆಗೆ ಹರಿಗೋಲು ಹತ್ತಿಸಲಿಲ್ಲವಂತೆ.

ಈಗ ವರ್ಷಕ್ಕೊಮ್ಮೆ ಆ ದಂಡೆಯಲ್ಲಿ ಅವಳ ಹೆಸರಿನ ಈಜು ಪಂದ್ಯ ನಡೆಯುತ್ತದೆ. ಮೈಕಿನಲ್ಲಿ ಅವಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅಲ್ಲಿ ಇಡುವ ಅವಳ ಪಟದಲ್ಲಿ ಕೊರಳಿಗೆ ಬಂಗಾರದ ಪದಕವನ್ನೂ ಬರೆಸಿದ್ದಾರೆ. ಅದನ್ನು ಅವಳಿಗೆ ಯಾರೂ ಕೊಟ್ಟಿಲ್ಲ ಎಂದು ಯಾರಾದರೂ ಅಂದರೆ, ಸುಮ್ಮನಿರಿ ಎಂದು ಹಿರಿಯರು ಹೇಳುತ್ತಾರೆ. ಊರ ಮಕ್ಕಳೆಲ್ಲ ನೀರಿಗೆ ಹಾರುತ್ತವೆ. ಬುದ್ಧಿ ನಿಧಾನದ ಮಕ್ಕಳೂ ಬರುತ್ತವೆ. ಅವನ್ನು ಮೆಟ್ಟಿಲ ಮೇಲೆ ಕೂರಿಸಿ, ಈಜುವವರ ಬಟ್ಟೆ ಕಾಯಲು ಹೇಳುತ್ತಾರೆ.

ಕಾಯುತ್ತವೆ.