ಮಂಜಿನಾಚೆಯ ಹಲಗೆ

"ಗುರುಗಳೇ, ನನ್ನ ಕೆಲಸದಲ್ಲಿ ಸದಾ ತಪ್ಪು ಹುಡುಕುವವರ ಜೊತೆ ನಾನು ಹೇಗೆ ಬಾಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಉಪಕರಣ ತಯಾರಿಸುವ ಹೆಂಗಸೊಬ್ಬಳಿದ್ದಳು. ಅವಳ ಊರಿನ ನದಿಯಲ್ಲಿ ಮಂಜು ಕವಿದ ದಿನ ದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಜನ ಸಾಯುತ್ತಿದ್ದರು. ಅವಳು ಆರು ವರ್ಷ ದುಡಿದು ಒಂದು ಲೇಸರ್ ರೇಡಾರ್ ಮಾಡಿದಳು. ಅದು ಬೆಳಕನ್ನು ಎಸೆಯುತ್ತಿತ್ತು; ಎದುರಿನ ವಸ್ತುವಿಗೆ ತಾಗಿ ಬೆಳಕು ಮರಳಲು ಹಿಡಿದ ಹೊತ್ತನ್ನು ನೋಡಿ ದೂರ ಹೇಳುತ್ತಿತ್ತು.

ಅದನ್ನು ಪರೀಕ್ಷೆಗೆಂದು ಅಳತೆಯ ಭವನಕ್ಕೆ ಒಯ್ದಳು. ನೂರು ಮೀಟರ್ ಉದ್ದದ, ಕಿಟಕಿಯಿಲ್ಲದ ಭವನ. ಬಿಳಿ ಹಲಗೆಯನ್ನು ಎಲ್ಲಿಟ್ಟರೂ ಉಪಕರಣ ತಪ್ಪಲಿಲ್ಲ. ಅವಳು ಪ್ರಮಾಣಪತ್ರಕ್ಕೆ ಕೈಚಾಚಿದಳು. ಅಲ್ಲಿನ ಪರೀಕ್ಷಕ ಕೊಡಲಿಲ್ಲ. ದೋಣಿಯ ಹಳೆಯ ಹಲಗೆಯೊಂದಕ್ಕೆ ಬೆಳಕನ್ನು ನುಂಗುವ ಕಪ್ಪು ಟಾರು ಬಳಿಸಿ, ನೀರು ಸುರಿದು, ದೂರದಲ್ಲಿ ನಿಲ್ಲಿಸಿ, ಭವನದ ತುಂಬ ಕೃತಕ ಮಂಜು ತುಂಬಿಸಿದ. ಉಪಕರಣ ಮಂಜನ್ನೇ ಹಲಗೆಯೆಂದು ತೋರಿಸಿತು.

"ನನ್ನ ಆರು ವರ್ಷವನ್ನು ಒಂದು ಗಳಿಗೆಯಲ್ಲಿ ಹಾಳು ಮಾಡಿದಿರಲ್ಲ ಸ್ವಾಮಿ!" ಎಂದಳು.

"ಹಾಳಾಗುವುದಿದ್ದರೆ ಇಲ್ಲೇ ಆಗಲಿ ತಾಯಿ. ಇಲ್ಲಿ ಯಾರೂ ಮುಳುಗುವುದಿಲ್ಲ," ಎಂದ ಪರೀಕ್ಷಕ.

ಅವಳ ಸಿಟ್ಟು ಇಳಿಯಲಿಲ್ಲ. ಬಿಳಿ ಹಲಗೆಯನ್ನಷ್ಟೇ ಇಟ್ಟು ಪ್ರಮಾಣಪತ್ರ ಕೊಡುವ ಇನ್ನೊಂದು ಭವನ ಪಕ್ಕದ ಪಟ್ಟಣದಲ್ಲಿತ್ತು. ಅದರ ಮೆಟ್ಟಿಲವರೆಗೂ ಹೋದಳು. ದೋಣಿಯಲ್ಲಿ ಕೂರುವವರ ಮುಖ ನೆನಪಾಗಿ ಅಲ್ಲಿಂದಲೇ ಹಿಂದಿರುಗಿದಳು.

ಎಂಟು ತಿಂಗಳು ಕಳೆದವು. ಮೊದಲು ಮರಳಿದ ಬೆಳಕನ್ನು ನಂಬಿದ್ದೇ ಉಪಕರಣದ ತಪ್ಪೆಂದು ಕಂಡುಕೊಂಡಳು. ಮಂಜಿನಿಂದ ಬೇಗ ಮರಳಿದ್ದನ್ನು ಬಿಟ್ಟು, ಅದರ ಹಿಂದೆ ಬರುವ ಮಸುಕು ಬೆಳಕಿಗೆ ಕಾಯುವುದನ್ನು ಅದಕ್ಕೆ ಕಲಿಸಿದಳು.

ಮತ್ತೆ ಅದೇ ಭವನ, ಅದೇ ಮಂಜು. ಪರೀಕ್ಷಕ ಟಾರಿನ ಹಲಗೆಯನ್ನು ತನಗಷ್ಟೇ ಗೊತ್ತಿದ್ದ ಜಾಗದಲ್ಲಿ ನಿಲ್ಲಿಸಿದ. ಉಪಕರಣ ಎಂಬತ್ತಮೂರು ಮೀಟರ್ ಎಂದಿತು. ಸರಿಯಾಗಿತ್ತು. ಹಲಗೆಯನ್ನು ಬೇರೆ ಕಡೆ ಇಟ್ಟ, ಸರಿ. ಹಾಗೆ ನಲವತ್ತು ಸಲ ಇಟ್ಟ. ನಲವತ್ತು ಸಲವೂ ಸರಿ. ಮೊದಲು ಚಪ್ಪಾಳೆ ತಟ್ಟಿದವನು ಪರೀಕ್ಷಕನೇ. ಕೆಲಸದವರೆಲ್ಲ ಓಡಿಬಂದರು, ಭವನ ಮೊಳಗಿತು. ಅವಳು ನಗುತ್ತಲೇ ಅತ್ತಳು. ಉಪಕರಣ ಊರಿನ ದೋಣಿಗಳನ್ನೇರಿತು. ಆ ಚಳಿಗಾಲ ಮಂಜು ಎಂದಿಗಿಂತ ದಟ್ಟವಾಗಿ ಬಿತ್ತು. ಒಂದು ದೋಣಿಯೂ ಡಿಕ್ಕಿ ಹೊಡೆಯಲಿಲ್ಲ.

ಶಿಷ್ಯನ ಮುಖ ಅರಳಿತು. "ಎಂಥ ಪರೀಕ್ಷಕ ಗುರುಗಳೇ! ಅಂಥವನೊಬ್ಬ ನನಗೂ ಸಿಕ್ಕಿದ್ದರೆ!" ಎಂದ.

ಗುರುಗಳು ಹೇಳಿದರು: "ಅಂಥವರು ಎಲ್ಲ ಕಡೆ ಇದ್ದಾರೆ, ಅವರ ಬಾಗಿಲಿಗೆ ಎರಡನೆಯ ಸಲ ಹೋಗುವವರು ಕಡಿಮೆ."