ಕುರ್ಚಿಯ ಕಾಲಿನ ಬಿಳಿ ಗೆರೆ

ಘಟಪ್ರಭೆಯ ದಂಡೆಯ ಆ ಸಣ್ಣ ಮಠದಲ್ಲಿ ಒಂದು ಪದ್ಧತಿ ಇತ್ತು. ಯಾವ ಕಾರ್ಯವಿದ್ದರೂ, ಭಕ್ತರು ಕೂರುವ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೊದಲು ಶಿಷ್ಯ ಕೂತು ನೋಡಬೇಕು.

“ಬಿದ್ರ ನಮ್ಮಾಂವ ಬೀಳ್ಲಿ, ಬಂದಾವ್ರು ಬೀಳಬಾರ್ದು” ಎನ್ನುತ್ತಿದ್ದರು ಅಜ್ಜಾರು. ಮಠದ ಹಿರಿಯ ಗುರುಗಳನ್ನು ಊರವರೆಲ್ಲ ಕರೆಯುತ್ತಿದ್ದದ್ದು ಹಾಗೆಯೇ.

ಮರುದಿನ ಶಿಷ್ಯ ರೇವಣಸಿದ್ಧನಿಗೇ ಕಾವಿ ಕೊಡುವ ಕಾರ್ಯ. ಕಾವಿ ಉಟ್ಟ ಮೇಲೆ ಮನೆ, ಮಕ್ಕಳು ಎನ್ನುವ ನಂಟು ಮುಗಿದಂತೆ. ತನ್ನ ದೀಕ್ಷೆಗೆ ಬರುವವರ ಕುರ್ಚಿಗಳಲ್ಲಿ ಪಾಪ ತಾನೇ ಕೂತು ಏಳುತ್ತಿದ್ದ.

ಅವನ ಹೆಂಡತಿ ಕಸ್ತೂರಿ ತೀರಿಕೊಂಡು ಎರಡು ವರ್ಷವಾಗಿತ್ತು. ಪುಟ್ಟ ಮಗಳನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಮಠಕ್ಕೆ ಬಂದವನು ಒಮ್ಮೆಯೂ ಅತ್ತ ಹೋಗಿರಲಿಲ್ಲ.

ಹೆಂಡತಿಯನ್ನು ಮಣ್ಣು ಮಾಡುವಾಗಲೂ ಅವನ ಕಣ್ಣಲ್ಲಿ ಹನಿ ನೀರು ಬಂದಿರಲಿಲ್ಲ. ಎಂಥ ಗಟ್ಟಿ ಜೀವ, ಆಗಲೇ ವೈರಾಗ್ಯ ಬಂದಿತ್ತು ಎಂದು ಊರು ಹೊಗಳಿತು. ಊರಿಗೇನು, ಹೊಗಳುತ್ತದೆ. ಇವನೂ ನಂಬಿಬಿಟ್ಟಿದ್ದ.

ಒಂದು ಕೆಂಪು ಕುರ್ಚಿಯ ಕಾಲು ತುಸು ಬಾಗಿತ್ತು. ಬಾಗಿದಲ್ಲಿ ಒಂದು ಬಿಳಿ ಗೆರೆ.

ವಿಭೂತಿ ಅಂದುಕೊಂಡ. ಮಠದಲ್ಲಿ ವಿಭೂತಿ ಹತ್ತದ ಜಾಗ ಯಾವುದಿದೆ? ಒದ್ದೆ ಬಟ್ಟೆ ತಂದು ಒರೆಸಿದ. ಹೋಗಲಿಲ್ಲ. ತಾಮ್ರದ ಪಾತ್ರೆಗೆ ಹಚ್ಚುವ ಹುಣಸೆಹಣ್ಣು ತಂದು ತಿಕ್ಕಿದ. ಆಗಲೂ ಹೋಗಲಿಲ್ಲ.

ಅಜ್ಜಾರು ಅತ್ತ ಬಂದರು.

“ಏನ್ ಮಾಡಾಕತ್ತಿ?”

“ವಿಭೂತಿ ಹತ್ತೇತ್ರಿ ಅಜ್ಜಾರ. ಎಷ್ಟು ತಿಕ್ಕಿದ್ರೂ ಹೋಗವಲ್ದು.”

ಅಜ್ಜಾರಿಗೆ ನಗು ತಡೆಯಲಾಗಲಿಲ್ಲ. “ಕುರ್ಚಿಗೂ ದೀಕ್ಷಾ ಕೊಟ್ಟಿ ಏನೋ? ಅದು ಮ್ಯಾಲೆ ಹತ್ತಿದ್ದಲ್ಲಪಾ. ಒಳಗಿಂದ ಎದ್ದಿದ್ದು.”

ಶಿಷ್ಯನಿಗೆ ತಿಳಿಯಲಿಲ್ಲ.

ಅಜ್ಜಾರು ಅಡುಗೆಮನೆಗೆ ಹೋಗಿ ಹಳೆಯ ಡಬ್ಬಿಯ ಕೆಂಪು ಮುಚ್ಚಳವೊಂದನ್ನು ತಂದು ಅವನ ಕೈಗೆ ಕೊಟ್ಟರು.

“ಬಗ್ಗಸು.”

ಬಗ್ಗಿಸಿದ. ಅವನ ಕಣ್ಣೆದುರಿಗೇ ಬಿಳಿ ಗೆರೆಯೊಂದು ಮೂಡಿತು.

“ಯಾರು ಹಚ್ಚಿದ್ರು ವಿಭೂತಿ?”

ರೇವಣಸಿದ್ಧ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಮುರದೈತೇನು?”

“ಇಲ್ರಿ.”

“ಮತ್ತ ಯಾಕ ಬೆಳ್ಳಗಾತು?”

“ಗೊತ್ತಿಲ್ರಿ.”

ಅಜ್ಜಾರು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತರು. “ನನಗೂ ಗೊತ್ತಿರಲಿಲ್ಲ. ಒಂದ್ ಸಲ ಆಯುಧ ಪೂಜಿಗೆ ಕಾಲೇಜಿನವ್ರು ಕರದಿದ್ರು. ಕಣ್ಣಿಗೆ ಕಾಣದ್ದನ್ನ ದೊಡ್ಡದು ಮಾಡಿ ತೋರಸೋ ಯಂತ್ರ ಇತ್ತು. ನಾ ಅದಕ್ಕ ಕುಂಕುಮ ಹಚ್ಚಿದೆ. ಅವ್ರು ನನಗ ಇಂಥಾದ ಒಂದು ಬಿಳಿ ಗೆರಿ ತೋರಿಸಿದ್ರು.”

“ಏನಿತ್ರಿ ಅದ್ರಾಗ?”

“ಪ್ಲಾಸ್ಟಿಕ್ಕಿನೊಳಗ ಬರೇ ಉದ್ದನ್ನ ಎಳಿ. ಒಂದಕ್ಕೊಂದು ತೊಡಕು ಹಾಕ್ಕೊಂಡು ಕುಂತಿರ್ತಾವ. ಭಾರ ಬಿತ್ತು ಅಂದ್ರ ಜಗ್ತಾವ, ಜಾರ್ತಾವ. ನಡುವ ಸಣ್ಣ ಸಣ್ಣ ಬಿರುಕು ಏಳ್ತಾವ. ಅಲ್ಲಿ ಬೆಳಕು ಚದುರ್ತೈತಿ. ನಮಗ ಬೆಳ್ಳಗ ಕಾಣ್ತೈತಿ.”

“ಬಿರುಕು ಬಂದ್ರ ಮುರದಂಗ ಆತಲ್ರಿ.”

“ನಾನೂ ಹಂಗ ಅಂದೆ. ಅವ್ರು ಇನ್ನಷ್ಟು ದೊಡ್ಡದು ಮಾಡಿದ್ರು. ಒಂದೊಂದು ಬಿರುಕಿನಾಗೂ ಈ ದಂಡಿಯಿಂದ ಆ ದಂಡಿಗೆ ಎಳಿ ನಿಂತಿದ್ವು. ಜಗ್ಗಿ ಜಗ್ಗಿ ಸಣ್ಣ ಆಗಿದ್ವು. ಆದ್ರ ಕೈ ಬಿಟ್ಟಿರಲಿಲ್ಲ.”

ರೇವಣಸಿದ್ಧ ಕುರ್ಚಿಯ ಕಾಲನ್ನೇ ನೋಡುತ್ತ ಕೂತ. ಆಮೇಲೆ ಕೇಳಿದ:

“ಇದನ್ನ ಒಗದ್ಬಿಡ್ಲೇನ್ರಿ?”

“ಇನ್ನೂ ಹಿಡ್ಕೊಂಡು ನಿಂತೈತಿ, ಯಾಕ ಒಗೀತಿ? ಅದರ ಮ್ಯಾಲೆ ಯಾರನ್ನೂ ಕೂಡಸಬ್ಯಾಡ, ಅಷ್ಟ. ಹೂವಿನ ಪುಟ್ಟಿ ಇಡು.”

ಅವನು ಏಳಲು ಹೊರಟ. ಅಜ್ಜಾರು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಕೂರಿಸಿದರು.

“ನಿನ್ನ ಮಗಳ ಹೆಸರೇನು?”

ಬಂದಾಗಿನಿಂದ ಮಠದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

“ನನಗೀಗ ಯಾರೂ ಇಲ್ರಿ ಅಜ್ಜಾರ. ಎಲ್ಲಾ ಬಿಟ್ಟೀನಿ.”

“ಬಿಟ್ಟಿದ್ದು ಗೊತ್ತೈತಿ. ನಾ ಹೆಸರು ಕೇಳಿದೆ.”

ರೇವಣಸಿದ್ಧ ತನಗೇ ಗೊತ್ತಿಲ್ಲದೆ ಮುಚ್ಚಳವನ್ನು ಮತ್ತೆ ಮತ್ತೆ ಬಗ್ಗಿಸುತ್ತಿದ್ದ. ಅಜ್ಜಾರು ಅದನ್ನು ಮೆಲ್ಲಗೆ ಅವನ ಬೆರಳುಗಳಿಂದ ಬಿಡಿಸಿಕೊಂಡರು.

“ನೀಲಾ ರೀ” ಎಂದ ಕೊನೆಗೆ. “ನಕ್ರ ಥೇಟ್ ಅವರವ್ವನಂಗ ರೀ. ಅದಕ್ಕ ಹೋಗಲಿಲ್ಲ ನಾ. ವೈರಾಗ್ಯ ಅಲ್ರಿ ಅದು. ಅಕಿ ಮಾರಿ ನೋಡಿದ್ರ ಮುರದು ಬೀಳ್ತೀನಿ ಅಂತ ಅಂಜಿದ್ದೆ.”

ಅಷ್ಟು ಹೇಳಿದ್ದೇ ತಡ, ಎರಡು ವರ್ಷ ಬಾರದಿದ್ದ ಅಳು ಬಂತು. ಮಠದ ಅಂಗಳದಲ್ಲಿ, ಸಾಲು ಕುರ್ಚಿಗಳ ನಡುವೆ, ಮೀಸೆ ಬಂದ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಅಳಬೇಡ ಎಂದು ಅಜ್ಜಾರು ಹೇಳಲಿಲ್ಲ. ಹೊದ್ದ ಶಾಲಿನ ಅಂಚಿನಿಂದ ಅವನ ಮುಖ ಒರೆಸುತ್ತ ಕೂತರು.

ಅಳು ಇಳಿದ ಮೇಲೆ ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ಹಂಡೆಯಲ್ಲಿ ನೀರು ಕಾದು ಹಬೆಯಾಡುತ್ತಿತ್ತು. ಅಜ್ಜಾರು ಒಂದು ತಂಬಿಗೆ ತುಂಬಿಕೊಂಡು ಮುಚ್ಚಳದ ಮೇಲೆ ನಿಧಾನಕ್ಕೆ ಸುರಿದರು.

ಬಿಳಿ ಗೆರೆ ಮಸುಕಾಯಿತು.

“ಹೋತೇನ್ರಿ?”

“ಪೂರಾ ಹೋಗಂಗಿಲ್ಲ. ಬೆಚ್ಚಗಾದ್ರ ಎಳಿ ಒಂದೀಟು ಹೊಳ್ಳಿ ತಮ್ಮ ಜಾಗಕ್ಕ ಬರ್ತಾವ. ಅಷ್ಟ.”

ರೇವಣಸಿದ್ಧ ಮುಚ್ಚಳ ಹಿಡಿದು ನಿಂತ. ಅದು ಇನ್ನೂ ಬಿಸಿಯಿತ್ತು.

“ನಾಳಿ ಜನ ಬರ್ತಾರಲ್ರಿ ಅಜ್ಜಾರ.”

“ಬರ್ಲಿ. ಉಂಡು ಹೋಗ್ತಾರ. ನೀ ಮುಂಜಾನಿ ಬಸ್ಸಿಗೆ ಮಗಳ ಕಡೆ ಹೋಗು.”

“ಮತ್ತ ಕಾವಿ?”

“ಕಾವಿ ಬಟ್ಟಿ ಎಷ್ಟು ವರ್ಷ ಇಟ್ರೂ ಅಷ್ಟ ಇರ್ತೈತಿ, ರೇವಣ್ಯಾ. ಕೂಸು ಬೆಳೀತೈತಿ.”